ಹದಿಮೂರನೆಯ ಜಾಗ

ಯಲಬುರ್ಗಾ ಕಡೆಯ ನಮ್ಮೂರ ಸಾಲೆಯಲ್ಲಿ ತಪ್ಪು ಮಾಡಿದವನನ್ನು ಹುಡುಕುವ ಗೋಜೇ ಇರಲಿಲ್ಲ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಯಾರೂ ಒಪ್ಪಿಕೊಳ್ಳದಿದ್ದರೆ ಮಾಸ್ತರರು ಸಾಲೆ ನಡೆಯುತ್ತಿದ್ದ ಗುಡಿಯ ಪೌಳಿಯಲ್ಲಿ ನಮ್ಮನ್ನೆಲ್ಲ ದುಂಡಗೆ ಕೂರಿಸುತ್ತಿದ್ದರು. ಬಾಗಿಲ ಪಕ್ಕದವನಿಂದ ಎಣಿಕೆ ಶುರು: ಏಕ್, ದೋ, ತೀನ್. ಮೂರನೆಯವನು ಎದ್ದು ಹೊರಗೆ. ಅವನ ಮುಂದಿನವನಿಂದ ಮತ್ತೆ ಏಕ್, ದೋ, ತೀನ್. ಹೀಗೆ ಸುತ್ತಿ ಸುತ್ತಿ ಕೊನೆಗೆ ಉಳಿದವನ ಅಂಗೈ ಮೇಲೆ ಜಾಲಿ ಬಡಿಗೆ ಮುರಿಯುವ ತನಕ ಹೊಡೆತ. ಕಳ್ಳನನ್ನು ದೇವರೇ ಉಳಿಸಿ ತೋರಿಸುತ್ತಾನೆ ಎಂದು ಅವರು ನಂಬಿದ್ದರು.

ನನಗೆ ಆ ದೇವರ ಮೇಲೆ ಅನುಮಾನ ಬಂತು. ಹಿತ್ತಲಲ್ಲಿ ಹುಣಸೆ ಬೀಜ ದುಂಡಗೆ ಇಟ್ಟು ಮೂರನೆಯದನ್ನು ತೆಗೆಯುತ್ತಾ ಹೋದೆ. ಬೀಜ ಜೋಡಿಸಿ ಕೊಡುತ್ತಿದ್ದವನು ನನ್ನ ತಮ್ಮ. ಹತ್ತು ಬೀಜಕ್ಕೆ ನಾಲ್ಕನೆಯದು ಉಳಿಯಿತು, ಹನ್ನೊಂದಕ್ಕೆ ಏಳನೆಯದು, ಹನ್ನೆರಡಕ್ಕೆ ಹತ್ತನೆಯದು. ಮೂರನೆಯ ಬೀಜ ಹೋದ ಮೇಲೆ ಎಣಿಕೆ ನಾಲ್ಕನೆಯದರಿಂದ ಹೊಸದಾಗಿ ಶುರುವಾಗುತ್ತದೆ, ಒಂದು ಬೀಜ ಕಡಿಮೆ, ಅಷ್ಟೇ. ಅಂದಮೇಲೆ ಒಂದು ಬೀಜ ಹೆಚ್ಚಾದರೆ ಉಳಿಯುವ ಜಾಗ ಮೂರು ಮುಂದೆ ಸರಿಯಲೇಬೇಕು, ಕೊನೆ ದಾಟಿದರೆ ಮತ್ತೆ ಮೊದಲಿನಿಂದ. ಇದು ಹೊಳೆದ ದಿನ ಇಬ್ಬರೂ ಹುಚ್ಚರಂತೆ ಕುಣಿದೆವು.

ಇಷ್ಟು ಚಂದದ ಲೆಕ್ಕವನ್ನು ನಾನು ಬಳಸಿದ್ದು ಒಬ್ಬನ ಕೈ ಮುರಿಸಲು. ಸಾಲೆಯಲ್ಲೊಬ್ಬ ದಾಂಡಿಗನಿದ್ದ. ತಮ್ಮನ ಮುಖವನ್ನು ಪೌಳಿಯ ಕಲ್ಲುಕಂಬಕ್ಕೆ ಬಡಿದು ಎರಡು ಹಲ್ಲು ಉದುರಿಸಿದ್ದ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಅವನು ಎಂದೂ ಆ ಕಂಬ ಬಿಟ್ಟು ಕೂತವನಲ್ಲ, ಬಾಗಿಲಿನಿಂದ ಎಣಿಸಿದರೆ ಅದು ಹತ್ತನೆಯ ಜಾಗ. ನಾವಿದ್ದದ್ದು ಹದಿಮೂರು ಜನ. ಒಬ್ಬ ಸಾಲೆ ತಪ್ಪಿಸಿ ಹನ್ನೆರಡೇ ಜನ ಉಳಿಯುವ ದಿನಕ್ಕೆ ಹಲ್ಲು ಕಚ್ಚಿ ಕಾದೆ.

ಜ್ವರ ಬಂದು ಮನೆಯಲ್ಲಿ ಉಳಿದವನು ತಮ್ಮನೇ. ಅವತ್ತು ಮಾಸ್ತರರ ಮಸಿ ಕುಡಿಕೆಯನ್ನು ಹಾಜರಿ ಪುಸ್ತಕದ ಮೇಲೆ ಒಡೆದೆ. ಅವರು ಬಂದು ನೋಡಿ ಕೈಗೆ ಸಿಕ್ಕವರ ಕೆನ್ನೆಗೆಲ್ಲ ಬಾರಿಸಿದರು. ಆಮೇಲೆ ದುಂಡಗೆ ಕೂರಿಸಿದರು. ದಾಂಡಿಗ ಹತ್ತನೆಯವನು, ನಾನು ಎಲ್ಲರಿಗಿಂತ ಕೊನೆಗೆ, ಹನ್ನೆರಡನೆಯವನು. ಅವನ ಅಂಗೈಯಿಂದ ರಕ್ತ ಚಿಮ್ಮುವುದು ನನಗೆ ಆಗಲೇ ಕಾಣುತ್ತಿತ್ತು. ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಆಗ ಬಾಗಿಲಲ್ಲಿ ತಮ್ಮ ಬಂದು ನಿಂತ. ಜ್ವರ ಇಳಿದಿತ್ತಂತೆ.

“ಈಗ ಬಂದಿ ಅಂತ ಬಿಡಂಗಿಲ್ಲ. ನೀನೂ ಕುಂದ್ರು, ಬದ್ಮಾಶ್!” ಎಂದರು ಮಾಸ್ತರರು.

ಹದಿಮೂರು ಜನರಾದರೆ ಉಳಿಯುವವನು ಹದಿಮೂರನೆಯವನು. ನಾನು ಬಾಗಿಲ ಕಡೆ ಒಂದಿಷ್ಟು ಸರಿದು ತಮ್ಮನನ್ನು ನನಗಿಂತ ಮೊದಲಿನ ಜಾಗದಲ್ಲಿ ಕೂರಿಸಿಕೊಂಡರೆ ಅವನು ಹನ್ನೆರಡನೆಯವನಾಗಿ ಪಾರು, ಹೊಡೆತ ನನಗೆ. ನಾನು ಸರಿಯಲಿಲ್ಲ. ತಮ್ಮ ಒಮ್ಮೆ ಎಲ್ಲರನ್ನೂ ನೋಡಿ, ನನ್ನ ಮತ್ತು ಬಾಗಿಲ ನಡುವೆ, ಕೊನೆಯ ಜಾಗದಲ್ಲಿ ಕೂತ.

ನಾಲ್ಕನೆಯವನಾಗಿ ನಾನು ಎದ್ದು ಹೊರಗೆ ಬಂದೆ. ದಾಂಡಿಗನೂ ನಗುತ್ತಾ ಬಂದ. ಒಳಗೆ ಬಡಿಗೆಯ ಸದ್ದು, ತಮ್ಮನ ಚೀರಾಟ. ಮಾಡಿದವನು ನಾನು ಎಂದು ಕೂಗಬೇಕಿತ್ತು, ಕೂಗಲಿಲ್ಲ. ಅವನ ಬಲಗೈಯ ತೋರುಬೆರಳು ಮುರಿದಿತ್ತು.

ಎಂಟು ದಿನದ ಮೇಲೆ, ಕೈಗೆ ಪಟ್ಟಿ ಕಟ್ಟಿಕೊಂಡ ತಮ್ಮ ಹಿತ್ತಲಲ್ಲಿ ಎಡಗೈಯಿಂದ ಬೀಜ ಜೋಡಿಸುತ್ತಿದ್ದ.

“ಹದಿನಾಕು ಮಂದಿ ಆದ್ರ ಎರಡನೇದು ಉಳಿತೈತಿ. ಹೌದಲ್ಲೋ ಅಣ್ಣಾ?”

ಅವನ ಎಡಗೈ ಹಿಡಿದು ನಿಲ್ಲಿಸಿದೆ. “ಅವತ್ತ ನಿನಗ ಗೊತ್ತಿತ್ತೇನೋ?”

“ಬಾಗಲದಾಗ ನಿಂತ ಎಣಿಸೇನಿ. ನಿನ್ನ ಬೆರಳಿಗಿ ಮಸಿ ಹತ್ತಿತ್ತು. ನಾ ನಿನಗಿಂತ ಮೊದಲ ಕುಂತಿದ್ರ ನಿನಗ ಬೀಳತಿತ್ತು.”

ಸಾಲೆಗೆ ಓಡಿದೆ. ಮಾಸ್ತರರ ಮುಂದೆ ಎರಡೂ ಕೈ ಚಾಚಿ, “ಮಸಿ ಕುಡಿಕಿ ಒಡದಾವ ನಾನ್ರಿ, ಹೊಡೀರಿ” ಎಂದೆ.

ಅವರು ತಲೆ ಎತ್ತಿ ನೋಡಿದರು. “ಆ ಹೊಡೆತ ಆಗ್ಯಾವ. ಹೋಗಿ ಕುಂದ್ರು.”

ಹೋಗಿ ಕೂತೆ. ತಮ್ಮನ ಆ ಬೆರಳು ಕೊನೆಯವರೆಗೂ ಮಡಚಲಿಲ್ಲ.