ಮೂರು ವರ್ಷದ ಮಿತಿ

2018ರ ಕೊನೆಯ ತಿಂಗಳುಗಳಲ್ಲಿ ನಮ್ಮ ಮನೆಯ ಟಿ.ವಿ.ಯಲ್ಲಿ ದಿನವೂ ಅದೇ ಸುದ್ದಿ. ಯಾರೋ ದೊಡ್ಡ ಮನುಷ್ಯರು ಎಂದೋ ತಮ್ಮ ಮೈ ಮುಟ್ಟಿದ್ದನ್ನು ಯಾರೋ ಹೆಂಗಸರು ಈಗ ಹೇಳುತ್ತಿದ್ದರು. ಯಲಹಂಕದ ಅಂಚೆ ಕಚೇರಿಯಲ್ಲಿ ಕೌಂಟರ್ ಕೆಲಸ ಮುಗಿಸಿ ಬಂದು, ನಾನು ಹುರುಳಿಕಾಯಿ ನಾರು ಬಿಡಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಗಂಡ ಸೋಫಾದಲ್ಲಿ ಕೂತು ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದರು.

"ಮೂವತ್ತು ವರ್ಷ ಆದ್ಮೇಲೆ ಹೇಳಿದ್ರೆ ಆ ಮನುಷ್ಯ ಏನ್ ಮಾಡ್ಬೇಕು? ಅವತ್ತು ನಾನು ಅಲ್ಲಿರ್ಲಿಲ್ಲ ಅಂತ ಹೇಗೆ ತೋರಿಸ್ತಾನೆ? ಹೋದ ವರ್ಷ ಇದೇ ದಿನ ನಾನೆಲ್ಲಿದ್ದೆ ಅಂತ ನಂಗೇ ಗೊತ್ತಿಲ್ಲ."

ಅವರು ಕೆಟ್ಟ ಮನುಷ್ಯರಲ್ಲ. ಆ ಪ್ರಶ್ನೆಯೂ ಕೆಟ್ಟದ್ದಲ್ಲ.

ಅಂಥದೇ ಒಂದು ಸಂಜೆ ಗೆಳತಿಯ ಫೋನ್ ಬಂತು. ನಾವಿಬ್ಬರೂ ಯಶವಂತಪುರದ ಒಂದೇ ಬೀದಿಯಲ್ಲಿ ಬೆಳೆದವರು, ಒಂದೇ ತಂಡದಲ್ಲಿ ಖೋ-ಖೋ ಆಡಿದವರು. ಅವಳು ಈಗ ಬ್ಯಾಟರಾಯನಪುರದ ಶಾಲೆಯೊಂದರಲ್ಲಿ ಆಟದ ಟೀಚರ್.

"ದೂರು ಕೊಟ್ಟೆ ಕಣೇ," ಅಂದಳು.

ಯಾರ ಮೇಲೆ ಅಂತ ನಾನು ಕೇಳಲಿಲ್ಲ.

ನಮ್ಮ ಕೋಚ್ ಆಗಿದ್ದವರನ್ನು ನಾವೆಲ್ಲ ಸರ್ ಅನ್ನುತ್ತಿದ್ದೆವು. ಊರೂ ಹಾಗೇ ಕರೆಯುತ್ತಿತ್ತು. ಆಮೇಲೆ ಅವರಿಗೆ ಪ್ರಶಸ್ತಿಗಳು ಬಂದವು, ಕ್ರೀಡಾ ಸಂಘದ ಅಧ್ಯಕ್ಷರಾದರು. ರಾಜ್ಯೋತ್ಸವದ ಫ್ಲೆಕ್ಸ್‌ಗಳಲ್ಲಿ ಶಾಲು ಹೊದ್ದ ಅವರ ಫೋಟೊ ಇಲ್ಲದ ವರ್ಷವೇ ಇರಲಿಲ್ಲ. ನನಗೆ ಕೆಲಸ ಸಿಕ್ಕಿದ್ದು ಕ್ರೀಡಾ ಕೋಟಾದಲ್ಲಿ. ಆ ಪ್ರಮಾಣಪತ್ರಕ್ಕೆ ಸಹಿ ಹಾಕಿದವರೂ ಅವರೇ. ಅಪ್ಪನಿಗೆ ಶೂ ಕೊಡಿಸಲು ಆಗದಿದ್ದಾಗ ನನಗೆ ಮೊದಲ ಜೋಡಿ ತಂದುಕೊಟ್ಟವರೂ ಅವರೇ. ಇದನ್ನೆಲ್ಲ ಮರೆಮಾಚಿ ಅವರ ಬಗ್ಗೆ ಬರೆದರೆ ಅದು ಸುಳ್ಳಾಗುತ್ತದೆ.

"ಈಗ ಯಾಕೆ?" ಅಂತ ನಾನೂ ಕೇಳಿದೆ.

"ಪ್ರತಿ ವರ್ಷ ಮಕ್ಕಳನ್ನ ಸಾಲಾಗಿ ಕೂರಿಸಿ ಹೇಳ್ತೀನಿ, ಯಾರಾದ್ರೂ ಕೆಟ್ಟದಾಗಿ ಮುಟ್ಟಿದ್ರೆ ತಕ್ಷಣ ಬಂದು ಹೇಳಿ ಅಂತ. ಈ ವರ್ಷ ಹೇಳೋಕೆ ನಿಂತೆ, ಬಾಯೇ ಬರ್ಲಿಲ್ಲ. ನೀನು ಸಾಕ್ಷಿ ಹೇಳ್ತೀಯಾ?"

"ಹೇಳ್ತೀನಿ."

"ಪ್ರತಿ ವಾರ ನೋಡ್ತಿದ್ದೆ ಅಂತ ಹೇಳು."

"ನಾನು ನೋಡಿದ್ದು ಒಂದೇ ಸಲ."

ಅವಳ ಹಿಂದೆ ಯಾರ ಮನೆಯದೋ ಕುಕ್ಕರ್ ಕೂಗುವುದು ಕೇಳಿಸಿತು. "ಸರಿ. ಒಂದೇ ಸಲ ಅನ್ನು," ಅಂದು ಫೋನ್ ಇಟ್ಟಳು.

ಹೇಳಿಕೆ ಬರೆದುಕೊಂಡ ಸಬ್ ಇನ್‌ಸ್ಪೆಕ್ಟರ್ ನನ್ನ ಮಗಳ ವಯಸ್ಸಿನ ಹುಡುಗಿ. ಮರ್ಯಾದೆಯಿಂದಲೇ ಕೇಳಿದಳು. ಯಾವ ವರ್ಷ? ನಾವು ಏಳನೇ ಕ್ಲಾಸಿನಲ್ಲಿದ್ದೆವೋ ಎಂಟರಲ್ಲೋ ಗೊತ್ತಿಲ್ಲ ಅಂದೆ. ಯಾವ ತಿಂಗಳು? ಗೊತ್ತಿಲ್ಲ. ಹಾಗಾದರೆ ಏನು ಗೊತ್ತು ಅಂತ ಅವಳು ಕೇಳಲಿಲ್ಲ. ಪೆನ್ನು ಹಿಡಿದು ಸುಮ್ಮನೆ ಕಾದಳು.

ನನಗೆ ಗೊತ್ತಿದ್ದದ್ದು ಇಷ್ಟು. ಮೈದಾನದ ಮೂಲೆಯಲ್ಲಿ ಸಾಮಾನು ಇಡುವ ಒಂದು ಕೋಣೆ ಇತ್ತು. ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯ ಚೀಲ ಅಲ್ಲಿರುತ್ತಿತ್ತು. ಅದನ್ನು ತರಲು ನಾನು ಬಾಗಿಲು ತಳ್ಳಿದೆ. ಗೆಳತಿ ಹಗ್ಗದ ಸುರುಳಿಯ ಮೇಲೆ ಕೂತಿದ್ದಳು. ಅವಳ ಪಾದ ಉಳುಕಿತ್ತು, ಎಣ್ಣೆ ತಿಕ್ಕುತ್ತೇನೆಂದು ಸರ್ ಕರೆದುಕೊಂಡು ಹೋಗಿದ್ದರು. ಎಣ್ಣೆಯ ಬಾಟಲಿ ಮುಚ್ಚಳವನ್ನೂ ತೆಗೆಯದೆ ಕಿಟಕಿಯ ಕಟ್ಟೆಯ ಮೇಲಿತ್ತು. ಅವರ ಕೈ ಇದ್ದ ಕಡೆ ಯಾವ ಉಳುಕೂ ಇರಲಿಲ್ಲ. ಅವಳು ಗೋಡೆ ನೋಡುತ್ತಿದ್ದಳು. "ಸುಣ್ಣ ಬೇಕಾ? ತಗೊಂಡು ಹೋಗು," ಅಂದರು ಸರ್, ದಿನವೂ ಮಾತಾಡುವ ದನಿಯಲ್ಲೇ. ನಾನು ಚೀಲ ತೆಗೆದುಕೊಂಡು ಹೋದೆ. ಗೆರೆ ಹಾಕಿದೆ. ಆಟ ಶುರುವಾಯಿತು.

ಪೊಲೀಸ್ ಹುಡುಗಿ ಎಲ್ಲ ಬರೆದುಕೊಂಡಳು. "ಇನ್ನೇನಾದ್ರೂ ಇದೆಯಾ ಮೇಡಂ?" ಅಂದಳು. ಇಲ್ಲ ಅಂದೆ. ಹೊರಗೆ ಬಂದಾಗ ಅಳು ಬರುತ್ತದೇನೋ ಅಂದುಕೊಂಡಿದ್ದೆ. ಬರಲಿಲ್ಲ. ಆಟೋ ಹಿಡಿದು ಮನೆಗೆ ಬಂದೆ. ಕಚೇರಿಗೆ ಅರ್ಧ ದಿನ ರಜೆ ಹಾಕಿದ್ದು ಹಲ್ಲುನೋವಿಗೆ ಅಂತ ಗಂಡನಿಗೆ ಹೇಳಿದೆ.

ಪತ್ರಿಕೆಗಳಲ್ಲಿ ಸರ್ ಹೆಸರು ಬಂದ ಮೇಲೆ ಮಾತೋ ಮಾತು. ಗೆಳತಿಗೆ ಯಾರೋ ದುಡ್ಡು ಕೊಟ್ಟಿದ್ದಾರೆ, ಸಂಘದ ಚುನಾವಣೆ ಹತ್ತಿರ ಬಂದಿದೆ, ಅದಕ್ಕೇ ಎಂದರು. ಶಾಲೆಯವರು ಅವಳನ್ನು ಸ್ವಲ್ಪ ದಿನ ರಜೆಯ ಮೇಲಿರಲು ಹೇಳಿದರು. ಇನ್ನೊಂದು ಕಡೆ, ತನಿಖೆ ಮುಗಿಯುವ ಮೊದಲೇ ಸರ್ ಮನೆಯ ಗೇಟಿಗೆ ಯಾರೋ ಕಪ್ಪು ಬಣ್ಣ ಎರಚಿದರು. ಅದು ನನಗೆ ಹಿಡಿಸಲಿಲ್ಲ. ಅವರು ತಮ್ಮ ಮಾತು ಹೇಳಲಿ, ನಮ್ಮನ್ನು ಏನು ಬೇಕಾದರೂ ಕೇಳಲಿ, ಆಮೇಲೆ ನೋಡೋಣ ಅನ್ನಿಸುತ್ತಿತ್ತು. ಅನ್ನಿಸುತ್ತಿತ್ತು ಅಂದರೂ ಅದು ಪರಸ್ಥಳದ ಯಾರದೋ ವಿಷಯವೇನೋ ಅನ್ನುವಂತೆ.

ಒಂದು ಸೋಮವಾರ ಸರ್ ಹೆಂಡತಿ ನನ್ನ ಕೌಂಟರಿಗೆ ಬಂದರು. ಎಪ್ಪತ್ತು ದಾಟಿದವರು. ರಿಜಿಸ್ಟರ್ ಮಾಡುವ ಒಂದು ಲಕೋಟೆ ಕೈಯಲ್ಲಿತ್ತು. ನಾವು ಚಿಕ್ಕವರಿದ್ದಾಗ ಶನಿವಾರದ ಆಟ ಮುಗಿದ ಮೇಲೆ ನಮಗೆಲ್ಲ ಅವರ ಮನೆಯಲ್ಲೇ ಚಿತ್ರಾನ್ನ. ಇನ್ನೊಂದು ಸೌಟು ಹಾಕಿಸಿಕೊಳ್ಳೇ ಅಂತ ಒತ್ತಾಯ ಮಾಡಿ ಬಡಿಸುತ್ತಿದ್ದ ಕೈ ಅದು. ಲಕೋಟೆ ತೂಗಿದೆ. ಅವರ ಹಿಂದೆ ನಾಲ್ಕೈದು ಜನ ನಿಂತಿದ್ದರು.

"ನೀನು ಹೇಳಿಕೆ ಕೊಟ್ಟಿದ್ದೀಯಂತೆ," ಅಂದರು ಮೆಲ್ಲಗೆ.

"ಹೌದಮ್ಮಾ. ನೋಡಿದ್ದನ್ನ ಹೇಳಿದೀನಿ."

"ಹೇಳ್ಬೇಡ ಅನ್ನೋಕೆ ಬಂದಿಲ್ಲ ಕಣಮ್ಮ. ಒಂದು ಕೇಳ್ಬೇಕಿತ್ತು." ಗಾಜಿನ ಕಿಂಡಿಯ ಹತ್ತಿರ ಬಾಗಿದರು. "ನಿಂಗೂ ಮಾಡಿದ್ರಾ?"

ಪೊಲೀಸರು ಅದನ್ನು ನೇರವಾಗಿ ಕೇಳಿರಲಿಲ್ಲ. ಗೆಳತಿಯೂ ಕೇಳಿರಲಿಲ್ಲ. ನಾನು ಲಕೋಟೆಯ ಮೇಲೆ ಬಾರ್‌ಕೋಡಿನ ಚೀಟಿ ಅಂಟಿಸುತ್ತಿದ್ದೆ.

"ಹೂಂ," ಅಂದೆ. "ಎರಡು ಸಲ."

ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ನನ್ನ ಮುಖದಲ್ಲೂ ಆಗಿರಲಿಕ್ಕಿಲ್ಲ. ರಸೀದಿ ಈಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಬರ್ತೀನಮ್ಮ," ಅಂದು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದರು. ನಾನು ಮುಂದಿನವರನ್ನು ಕರೆದೆ.

2019ರಲ್ಲಿ ಹೈಕೋರ್ಟಿನಲ್ಲಿ ಕೇಸು ರದ್ದಾಯಿತು. ಗೆಳತಿಯ ವಕೀಲರು ನಮ್ಮಿಬ್ಬರನ್ನು ಆರ್.ಟಿ. ನಗರದ ತಮ್ಮ ಆಫೀಸಿನಲ್ಲಿ ಕೂರಿಸಿ ಬಿಡಿಸಿ ಹೇಳಿದರು. "ಮಕ್ಕಳಿಗೆ ಈಗಿರೋ ಕಾನೂನು ಅವಾಗ ಇರ್ಲಿಲ್ಲ. ಅವತ್ತಿಲ್ಲದ ಕಾನೂನಲ್ಲಿ ಇವತ್ತು ಯಾರಿಗೂ ಶಿಕ್ಷೆ ಕೊಡೋಕಾಗಲ್ಲ, ಅದೂ ನ್ಯಾಯಾನೇ. ಅವತ್ತಿದ್ದ ಸೆಕ್ಷನ್‌ಗೆ ಮೂರು ವರ್ಷದ ಮಿತಿ. ಅದರೊಳಗೆ ಕೇಸಾಗ್ಬೇಕಿತ್ತು."

"ಮೂರು ವರ್ಷ ಅಂದ್ರೆ ನಂಗೆ ಹದಿನಾರು," ಅಂದಳು ಗೆಳತಿ. "ನಾನು ಹೇಳಿದ್ದು ಸುಳ್ಳು ಅಂತ ಕೋರ್ಟ್ ಹೇಳಿದ್ಯಾ?"

"ಇಲ್ಲಮ್ಮ."

"ನಿಜ ಅಂತ?"

"ಅದೂ ಇಲ್ಲ. ತಡ ಆಯ್ತು ಅಂತ ಅಷ್ಟೇ."

ಬ್ಯಾಟರಾಯನಪುರದ ಬಸ್ ಸ್ಟಾಪಿನಲ್ಲಿ ಸತ್ಯಕ್ಕೆ ಜಯ ಎಂಬ ಫ್ಲೆಕ್ಸ್ ಎದ್ದಿತು. ಮೈದಾನದಲ್ಲಿ ಸಿಹಿ ಹಂಚಿದರಂತೆ. ಸರ್ ಮಾತ್ರ ಬರಲಿಲ್ಲವಂತೆ. ಅವರ ಹೆಂಡತಿ ಅಷ್ಟರಲ್ಲಿ ಮಗಳ ಮನೆಗೆ ಹೋಗಿದ್ದರು, ಮತ್ತೆ ಬರಲಿಲ್ಲ ಅಂತ ಆಮೇಲೆ ತಿಳಿಯಿತು. ಗೆಳತಿಯನ್ನು ಶಾಲೆಯವರು ವಾಪಸು ಕರೆದರು. ಸರ್ ಅಲ್ಲ ಅನ್ನಲಿಲ್ಲ, ನಾವು ಹೌದು ಅನ್ನಲಿಲ್ಲ. ಆ ಮಾತು ಆಡಬೇಕಾದ ಕಟಕಟೆಗೆ ಎರಡು ಕಡೆಯವರೂ ಹೋಗಲೇ ಇಲ್ಲ. ಅವರು ನಿರಪರಾಧಿ ಆಗಿದ್ದಿದ್ದರೂ ಇದು ಅವರಿಗೆ ಸಿಗಬೇಕಾದ ನ್ಯಾಯವಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಟಿ.ವಿ.ಯಲ್ಲಿ ಆ ತೀರ್ಪಿನ ಸುದ್ದಿ ಬಂದ ಸಂಜೆ ನಾನು ನನಗೂ ಆದದ್ದನ್ನು ಗಂಡನಿಗೆ ಹೇಳಿದೆ. ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ. ಅವರು ಟಿ.ವಿ. ಆರಿಸಿದರು. "ಎಷ್ಟು ವಯಸ್ಸು ನಿಂಗಾಗ?" ಅಂದರು.

"ಹದಿಮೂರು."

ಎದ್ದು ಅಡುಗೆಮನೆಗೆ ಹೋದರು. ಸಾರು ಬಿಸಿಗಿಡುವುದು ಅವರಿಗೆ ಅಭ್ಯಾಸವಿಲ್ಲ, ಲೈಟರ್ ಎರಡು ಮೂರು ಸಲ ಹೊಡೆದರು. ತಟ್ಟೆ ತಂದು ನನ್ನ ಮುಂದಿಟ್ಟು ತಾವೂ ಎದುರಿಗೆ ಕೂತರು. ನನಗೆ ಹಸಿವಾಗಿತ್ತು. ಊಟ ಮಾಡಿದೆ. ಅವರು ಅನ್ನ ಕಲಸುತ್ತಲೇ ಇದ್ದರು.