ಶ್ರೀಧರ ಮಾವನ ‘ಸೌಂಡ್ ಓಕೆ’

ಇವತ್ತು ಬೆಳಿಗ್ಗೆ ಮುಂಬಯಿಯ ಕಾಂದಿವಲಿ ಸ್ಟೇಷನ್ನಿನ ಹೊರಗೆ ಮಾರಾಟದವನೊಬ್ಬ ಇಯರ್‌ಬಡ್‌ಗಳ ಡಬ್ಬಿ ತೆರೆದು ನನ್ನ ಮೂಗಿನ ಬಳಿ ಹಿಡಿದ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಗಮ್ಮೆಂದಿತು. ನನಗೆ ಬೇಕಿರಲಿಲ್ಲ, ಟ್ರೈನಿಗೂ ತಡವಾಗಿತ್ತು. ಆದರೂ ನಿಂತುಬಿಟ್ಟೆ. ಆ ವಾಸನೆ ಬಂದಾಗಲೆಲ್ಲ ನನಗೆ ಸಯನ್ನಿನ ಶ್ರೀಧರ ಮಾವ ನೆನಪಾಗುತ್ತಾರೆ. ಅವರ ಕಥೆ ಹೇಳದೆ ನಿಮ್ಮನ್ನೂ ಮುಂದೆ ಬಿಡುವುದಿಲ್ಲ.

ಮಾವ ಎಂದರೆ ಅಮ್ಮನ ಅಣ್ಣ. ಉಡುಪಿ ಕಡೆಯವರು. ಅಂಧೇರಿಯ ಸ್ಟುಡಿಯೋಗಳಲ್ಲಿ ಇಪ್ಪತ್ತೆಂಟು ವರ್ಷ ಮೈಕ್ ಹಿಡಿದವರು. ಹಾಡುವ ಮೈಕ್ ಅಲ್ಲ. ಉದ್ದ ಕೋಲಿನ ತುದಿಗೆ ಮೈಕ್ ಕಟ್ಟಿ, ನಟರ ತಲೆಯ ಮೇಲೆ, ಕ್ಯಾಮೆರಾಕ್ಕೆ ಕಾಣದ ಹಾಗೆ, ಕೈ ಎತ್ತಿ ಹಿಡಿದು ನಿಲ್ಲುವ ಕೆಲಸ. ಆ ಅಭ್ಯಾಸದಿಂದ ಮಳೆಯಲ್ಲಿ ಕೊಡೆಯನ್ನೂ ಅವರು ಅಷ್ಟೇ ಎತ್ತರದಲ್ಲಿ ಹಿಡಿಯುತ್ತಿದ್ದರು. ಪಕ್ಕದಲ್ಲಿ ನಡೆಯುವ ವನಜತ್ತೆ ಪೂರ್ತಿ ಒದ್ದೆ.

ಕಾಲೇಜಿನ ದಿನಗಳಲ್ಲಿ ನಾನು ಅವರ ಮನೆಯಲ್ಲೇ ಇದ್ದೆ. ಆಗ ಮಾವ ನಿವೃತ್ತರಾಗಿದ್ದರು. ದಿನವಿಡೀ ಪೇಪರಿನ ಹಿಂದೆ ಕೂತು, ಏನು ಹೇಳಿದರೂ “ಹೂಂ” ಎನ್ನುತ್ತಿದ್ದರು. “ಗ್ಯಾಸ್ ಮುಗೀತು” ಎಂದರೂ ಹೂಂ, “ನಿಮ್ಮ ತಂಗಿ ಬರ್ತಾಳಂತೆ” ಎಂದರೂ ಹೂಂ. “ಸಿನಿಮಾದವರ ಜೊತೆ ಇದ್ದು ಗರ್ವ ಬಂದದ್ದು” ಎಂದು ಅತ್ತೆ ಮಾತನಾಡಿಸುವುದನ್ನೇ ಬಿಟ್ಟಿದ್ದರು.

ಆ ವರ್ಷ ನಮಗೊಂದು ಪ್ರಾಜೆಕ್ಟ್ ಇತ್ತು: ಹೊರಗಿನಿಂದ ಮುಂಬಯಿಗೆ ಬಂದ ಹಿರಿಯರೊಬ್ಬರ ಮಾತನ್ನು ಧ್ವನಿಮುದ್ರಿಸಿ ತರಬೇಕು. ನಾನು ಹುಣಸೆಬೀಜದಷ್ಟು ದೊಡ್ಡ ಕಾಲರ್ ಮೈಕ್ ಕೊಂಡೆ. ಕೊಂಡ ಕ್ಷಣದಿಂದಲೇ ದೊಡ್ಡ ರೆಕಾರ್ಡಿಸ್ಟ್ ಆದ ಹಾಗೆ ಓಡಾಡಿದೆ. ಕೆಳಮಹಡಿಯ ಅಜ್ಜನನ್ನು ಒಂದು ಗಂಟೆ ಮಾತನಾಡಿಸಿ, ಫೋನಿನ ಸ್ಪೀಕರಿನಲ್ಲೇ ಮಾವನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ ಮಾವ, “ಫಸ್ಟ್ ಕ್ಲಾಸ್” ಎಂದರು. ಇಪ್ಪತ್ತೆಂಟು ವರ್ಷದ ಅನುಭವಸ್ಥರ ಸರ್ಟಿಫಿಕೇಟ್! ನಾನು ಮತ್ತೆ ಕೇಳುವ ಗೋಜಿಗೇ ಹೋಗಲಿಲ್ಲ.

ಮರುದಿನ ಕ್ಲಾಸಿನ ಸ್ಪೀಕರಿನಲ್ಲಿ ಹಾಕಿದರೆ, ಅಜ್ಜನ ಮಾತಿಗಿಂತ ಪಕ್ಕದ ಮನೆಯ ಮಿಕ್ಸರೇ ಜೋರು. ಎಲ್ಲರೂ ನಕ್ಕರು. ಸೋಮವಾರದೊಳಗೆ ಹೊಸದು ತರದಿದ್ದರೆ ಸೊನ್ನೆ ಎಂದರು ಪ್ರೊಫೆಸರ್.

ಸಿಟ್ಟಿನಲ್ಲಿ ಮನೆಗೆ ಬಂದವಳೇ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗದ ನನ್ನ ಇಯರ್‌ಬಡ್‌ಗಳನ್ನು ಮಾವನ ಕಿವಿಗೆ ತುರುಕಿ, ವಾಲ್ಯೂಮ್ ಏರಿಸಿದೆ. ಮಾವ ಬೆಚ್ಚಿದರು. ಹುಬ್ಬು ಗಂಟಾಯಿತು.

“ಇದೆಂತ ಮಾರಾಯ್ತಿ! ಮಿಕ್ಸರಿನ ಒಳಗೆ ಮೈಕ್ ಇಟ್ಟದ್ದಾ?”

ಒಂದು ಬಡ್ ತೆಗೆದು ಕಿವಿಯ ಬಳಿಯೇ ಕೇಳಿದೆ: “ನಿನ್ನೆ ಯಾಕೆ ಹೇಳ್ಲಿಲ್ಲ ಮಾವ?”

ಅವರು ಅಡುಗೆಮನೆಯತ್ತ ನೋಡಿ, ದನಿ ತಗ್ಗಿಸಿ ಹೇಳಿದರು: “ನಿನ್ನೆ ನಂಗೆ ಎಂತದೂ ಕೇಳ್ಲಿಲ್ಲ. ಎರಡು ಮೂರು ವರ್ಷ ಆಯ್ತು ಹೀಗೆ. ಸೌಂಡಿನವನಿಗೇ ಕಿವಿ ಇಲ್ಲ ಅಂದ್ರೆ ಜನ ನಗುದಿಲ್ವಾ? ಅತ್ತೆಗೆ ಹೇಳ್ಬೇಡ.”

ನನ್ನ ಸಿಟ್ಟು ಎಲ್ಲಿ ಹೋಯಿತೋ! ಇಯರ್‌ಬಡ್ ಹಾಕಿಕೊಂಡರೆ ಫೋನನ್ನೇ ಮೈಕ್ ಮಾಡಿ ದೂರದ ಸದ್ದು ಕೇಳಬಹುದೆಂದು ಗೆಳತಿ ತೋರಿಸಿದ್ದು ನೆನಪಾಯಿತು. ಬಡ್ ಮತ್ತೆ ಸಿಕ್ಕಿಸಿ, ಆ ಗುಂಡಿ ಒತ್ತಿ, ಫೋನನ್ನು ಒಯ್ದು ಒಲೆಯ ಪಕ್ಕದಲ್ಲಿಟ್ಟು ಬಂದೆ. ಮಾವ ಹಾಲ್‌ನಲ್ಲಿ ಕೂತಿದ್ದರು. ತಟ್ಟನೆ ಎದ್ದು ನಿಂತರು.

“ಸಾಸಿವೆ!” ಎಂದು ಕೂಗಿದರು. “ವನಜಾ, ಸಾಸಿವೆ ಸಿಡಿದಾಯ್ತು, ಒಲೆ ಸಣ್ಣ ಮಾಡು!”

ಅತ್ತೆ ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಓಡಿ ಬಂದರು. “ವಾಸನೆ ಬಂತಾ?”

“ವಾಸನೆ ಅಲ್ಲ ಮಾರಾಯ್ತಿ, ಸದ್ದು! ಒಂದೊಂದು ಕಾಳೂ ಕೇಳ್ತಾ ಉಂಟು!”

ಇನ್ನು ಗುಟ್ಟು ಉಳಿಯುವುದುಂಟೇ? ಅತ್ತೆಗೆ ಎಲ್ಲ ಹೇಳಬೇಕಾಯಿತು. “ಗರ್ವ ಅಂತ ತಿಳ್ಕೊಂಡಿದ್ದೆ” ಎಂದಷ್ಟೇ ಹೇಳಿ ಒಳಗೆ ಹೋದರು.

ಭಾನುವಾರ ಮಾವ ಬೇರೆಯೇ ಮನುಷ್ಯ. ಇಯರ್‌ಬಡ್ ಹಾಕಿಕೊಂಡು, ಫೋನನ್ನು ಅಂಗೈಯಲ್ಲಿ ಮುಂದೆ ಚಾಚಿ, ಮನೆಯ ಮೂಲೆಮೂಲೆಯ ಸದ್ದು ಪರೀಕ್ಷಿಸಿದರು. ಫ್ರಿಜ್ ಬಂದ್, ಫ್ಯಾನ್ ಬಂದ್, ಕಿಟಕಿಗೆ ಎರಡು ರಜಾಯಿ. ಬೆವರು ಸುರಿಸುತ್ತ ಹಾಸಿಗೆಯ ಅಂಚಿನಲ್ಲಿ ಕೂತ ಅತ್ತೆಯೇ ಈ ಸಲ ನನ್ನ ಪ್ರಾಜೆಕ್ಟಿನ ಹಿರಿಯರು. ಮೈಕನ್ನು ಸೆರಗಿನ ಮಡಿಕೆಯಲ್ಲಿ ಎಲ್ಲಿ ಸಿಕ್ಕಿಸಿದರೆ ಬಟ್ಟೆ ಉಜ್ಜುವ ಸದ್ದು ಬರುವುದಿಲ್ಲವೆಂದು ಮಾವನೇ ತೋರಿಸಿದರು. ಹಾಗೆ ಶುರುವಾಯಿತು ಅತ್ತೆಯ ಮಾತು.

“ಮದುವೆಯಾಗಿ ಬಂದ ವಾರಕ್ಕೇ ಇವರು ಹತ್ತು ದಿನ ಔಟ್‌ಡೋರ್ ಶೂಟಿಂಗಿಗೆ ಹೋದ್ರು. ನಂಗೆ ಹಿಂದಿ ಬರ್ತಿರ್ಲಿಲ್ಲ. ಚಾಳಿನಲ್ಲಿ ಯಾರ ಹತ್ರ ಮಾತಾಡುದು? ಸಂಜೆ ಗೋಡೆ ನೋಡಿ ಒಬ್ಬಳೇ ಆ ದಿನದ ಸುದ್ದಿ ಹೇಳ್ತಿದ್ದೆ, ಕನ್ನಡ ಮರೆತು ಹೋದ್ರೆ ಅಂತ ಹೆದರಿಕೆ. ಇವರು ಬಂದ ಮೇಲೆ ಎಲ್ಲ ಹೇಳ್ಬೇಕು ಅಂತ ಕಾದಿದ್ದೆ. ಬಂದವರು, ‘ದಿನವಿಡೀ ಕೇಳಿ ಕೇಳಿ ಕಿವಿ ಸೋತಿದೆ, ಸ್ವಲ್ಪ ಸುಮ್ನಿರು’ ಅಂದ್ರು. ಹಾಗೇ ಸುಮ್ನಿರುದು ಅಭ್ಯಾಸ ಆಯ್ತು.”

ಮಾವ ಕೈ ಎತ್ತಿದರು. “ಒನ್ಸ್ ಮೋರ್.”

“ಎಂತ, ಸರಿ ಬರ್ಲಿಲ್ವಾ?” ಅತ್ತೆ ಗಾಬರಿಯಾದರು.

“ಬಂತು. ಸೌಂಡ್ ಓಕೆ.” ಮಾವ ಕಿವಿಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು. “ಆ ಹತ್ತು ದಿನದ ಸುದ್ದಿ ಹೇಳು. ಎಲ್ಲ ಹೇಳು.”

ಅತ್ತೆ ನನ್ನನ್ನು ನೋಡಿದರು, ಅವರನ್ನು ನೋಡಿದರು. ಆಮೇಲೆ ಹೇಳತೊಡಗಿದರು. ಪ್ರಾಜೆಕ್ಟಿಗೆ ಬೇಕಿದ್ದದ್ದು ಐದು ನಿಮಿಷ. ಅತ್ತೆ ಒಂದೂವರೆ ಗಂಟೆ ಮಾತನಾಡಿದರು. ನಡುವೆ ಮಾವ ಒಮ್ಮೆಯೂ ‘ಹೂಂ’ ಎನ್ನಲಿಲ್ಲ.

ಮರುವಾರವೇ ಮಾವ ಕಿವಿಯ ಡಾಕ್ಟರ ಬಳಿ ಹೋದರು. ಈಗ ಸರಿಯಾದ ಶ್ರವಣಯಂತ್ರವಿದೆ, ನಾಚಿಕೆಯಿಲ್ಲ. ತಮ್ಮ ಹಳೆಯ ಜೊತೆಗಾರರಿಬ್ಬರನ್ನೂ ಹಿಡಿದೊಯ್ದು ಕಿವಿ ತೋರಿಸಿ ಬಂದಿದ್ದಾರೆ. “ಈಗ ಗೊಣಗಿದ್ರೂ ಹಾಲ್‌ನಿಂದ ಜವಾಬು ಬರ್ತದೆ” ಎನ್ನುವುದು ಅತ್ತೆಯ ಹೊಸ ದೂರು.

ಇಯರ್‌ಬಡ್ ಕೊಳ್ಳದೆ ಟ್ರೈನ್ ಹತ್ತಿದೆ. ಸಂಜೆ ಅಂಧೇರಿಯ ಆಫೀಸಿನಿಂದ ಮನೆಗೆ ಹೋಗುವ ಬದಲು ಸಯನ್ನಿಗೆ ಬಂದಿದ್ದೇನೆ. ಬಾಗಿಲಾಚೆ ಜೋರು ಜಗಳ. ಮದುವೆಯಾದ ವರ್ಷದ ಆ ಔಟ್‌ಡೋರಿನಿಂದ ಮಾವ ತಂದದ್ದು ಬಳೆಯೋ ಚಪ್ಪಲಿಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬೆಲ್ಲಿನ ಮೇಲೆ ಬೆರಳಿಟ್ಟು ನಿಂತಿದ್ದೇನೆ. ಒತ್ತಲು ಮನಸ್ಸು ಬರುತ್ತಿಲ್ಲ.