ಚಿಕ್ಕಮಾವನ ಎಡೆಯ ಬಾಟಲಿ

ಜಡ್ಜ್ ಸಾಹೇಬರು ಒಳಗೆ ಬಂದರು. ಎಲ್ಲರೂ ಎದ್ದರು. ನಾನೂ ಎದ್ದೆ.

ಬಿದ್ದೆ.

ಮಧುಗಿರಿ ಕೋರ್ಟಿನಲ್ಲಿ ನಾನು ಟೈಪಿಸ್ಟ್. ಕಣ್ಣು ಬಿಟ್ಟಾಗ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈಗಳು ತಣ್ಣಗಿದ್ದವು. ಏನೂ ಆಗಿಲ್ಲ ಎನ್ನಲು ಹೋದೆ, ನಾಲಿಗೆ ತೊದಲಿತು. ಪಕ್ಕದ ಮೇಜಿನವನು ಬಗ್ಗಿ ನನ್ನ ಬಾಯಿಯ ಹತ್ತಿರ ಮೂಗು ತಂದ. ನೀರು ಕೊಡುವ ಮೊದಲು ಮೂಸಿದ, ಪುಣ್ಯಾತ್ಮ!

"ಬೆಳಿಗ್ಗೇನೇ ಹಾಕ್ಬುಟ್ಟು ಬಂದವ್ನೆ ಕಣ್ಲಾ," ಎಂದು ಇನ್ನೊಬ್ಬನಿಗೆ ಹೇಳಿದ.

ವಾಸನೆ ಬರಲಿಲ್ಲವೆಂಬುದು ಅವನಿಗೆ ಲೆಕ್ಕಕ್ಕೇ ಇಲ್ಲ. ಮತ್ತೊಮ್ಮೆ ಬಿದ್ದ ಮೇಲೆ ನೋಟಿಸ್ ಬಂತು. ಕೆಲಸ ಹೋಗುವುದಕ್ಕಿಂತ ಕುಡುಕನೆಂಬ ಹೆಸರು ಅಂಟುವುದೇ ನನ್ನ ಹೊಟ್ಟೆ ಉರಿಸುತ್ತಿತ್ತು. ಆ ಹೆಸರು ಹೊತ್ತೇ ಸತ್ತವನು ನಮ್ಮಲ್ಲಿ ಆಗಲೇ ಒಬ್ಬನಿದ್ದ, ಅಮ್ಮನ ತಮ್ಮ, ನನ್ನ ಚಿಕ್ಕಮಾವ. ಅವನೂ ತೂರಾಡುತ್ತಿದ್ದ, ತೊದಲುತ್ತಿದ್ದ, ಕೈ ನಡುಗುತ್ತಿತ್ತು. ಕುಡಿದಿಲ್ಲ ಎಂದು ಅವನು ಆಣೆ ಇಟ್ಟರೆ, ಕುಡಿದವರೆಲ್ಲ ಹೇಳುವುದೇ ಹಾಗೆ ಎಂದು ಊರು ನಗುತ್ತಿತ್ತು.

ಅಮ್ಮ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದಳು. ಅಲ್ಲಿ ಡಾಕ್ಟರಮ್ಮ ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ನಿಂತರೆ ಕುಸಿಯುತ್ತಿತ್ತು. ನರ-ಸ್ನಾಯುಗಳ ಇಎಂಜಿ ಪರೀಕ್ಷೆ ಆಯಿತು, ಜೆನೆಟಿಕ್ ಟೆಸ್ಟ್ ಆಯಿತು. ವಂಶದಲ್ಲಿ ಬರುವ ಮೋಟಾರ್ ನ್ಯೂರಾನ್ ಡಿಸೀಸ್.

"ಸ್ನಾಯು ಆಡಿಸೋ ನರಗಳು ಸೋಲ್ತಾ ಇವೆ. ಬಿಪಿ, ಬೆವರು ನೋಡ್ಕೊಳ್ಳೋ ಆಟೊನಾಮಿಕ್ ನರಗಳೂ ಕೆಲವರಲ್ಲಿ ಕೆಡುತ್ವೆ. ಇದು ತಾಯಿಯಿಂದ ಗಂಡುಮಕ್ಕಳಿಗೆ ಬರೋದು. ನಿಮ್ಮ ತವರಲ್ಲಿ ಯಾರಿಗಾದ್ರೂ ಇತ್ತಾಮ್ಮ?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಂಗಾದ್ರೆ ನನ್ ತಮ್ಮ ಕುಡೀತಿರ್ಲಿಲ್ವಾ?"

ವಾಸಿಮಾಡುವ ಔಷಧಿ ಇಲ್ಲ. ಬಿಪಿ ಏರಿಸಲು ಮಾತ್ರೆ, ಕಾಲಿಗೆ ಬಿಗಿಯಾದ ಸ್ಟಾಕಿಂಗ್ಸ್, ನಿಧಾನವಾಗಿ ಏಳಬೇಕೆಂಬ ಬುದ್ಧಿಮಾತು, ಅಷ್ಟೇ. ಸರ್ಟಿಫಿಕೇಟ್ ನೋಡಿ ನೋಟಿಸ್ ಹಿಂದಕ್ಕೆ ತೆಗೆದುಕೊಂಡರು. ಸಾಹೇಬರು ಬಂದಾಗ ನಾನು ಕೂತೇ ಇರಬಹುದಂತೆ. ಮೂಸಿದವನು "ಹೆಂಗಿದೀಯಪ್ಪ?" ಎಂದು ಹಲ್ಲು ಕಿರಿದ. ನಾನು ಅವನಿಗೆ ಬೆನ್ನು ತಿರುಗಿಸಿ ಟೈಪ್ ಮಾಡತೊಡಗಿದೆ.

ಪಿತೃಪಕ್ಷಕ್ಕೆ ಬುಕ್ಕಾಪಟ್ಟಣದ ಹತ್ತಿರದ ಅಮ್ಮನ ತವರಿಗೆ ಹೋದೆವು. ಸತ್ತವರಿಗೆ ಇಷ್ಟವಾದದ್ದನ್ನು ಎಡೆಯಲ್ಲಿ ಇಡುತ್ತಾರೆ. ತಾತನಿಗೆ ಬೀಡಿ, ಅಜ್ಜಿಗೆ ಎಲೆಅಡಿಕೆ. ಚಿಕ್ಕಮಾವನ ಎಲೆಯ ಮುಂದೆ, ಪ್ರತಿವರ್ಷದಂತೆ, ಕ್ವಾರ್ಟರ್ ಬಾಟಲಿ.

ಅಮ್ಮ ಅದನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು.

ಅವಳ ಅಣ್ಣ, ನನ್ನ ದೊಡ್ಡಮಾವ, ರೇಗಿದ. "ಲೇ ಗೌರಿ, ಸತ್ತೋನ್ ಪಾಲು ಕಣೇ ಅದು!"

"ಬದುಕಿದ್ದಾಗ ಕುಡ್ದಿಲ್ಲ ಕುಡ್ದಿಲ್ಲ ಅಂತ ಬಡ್ಕೊಂಡ. ಸತ್ತ ಮ್ಯಾಲೂ ಕುಡಿಸ್ತೀಯೇನಣ್ಣ? ಅವ್ನಿಗೆ ಇಷ್ಟ ಇದ್ದಿದ್ದು ಬೆಲ್ಲದ ಕಾಫಿ!"

ಅವಳೇ ಕಾಫಿ ಕಾಯಿಸಿ ಇಟ್ಟಳು. ಎಲ್ಲರೂ ನಿಂತು ಕೈ ಮುಗಿದರು, ನಾನು ಕೂತೇ ಮುಗಿದೆ. ಆಮೇಲೆ ಎಡೆಯ ಕಾಫಿಯನ್ನು ಅಮ್ಮ ನನಗೆ ಕೊಟ್ಟಳು. ಕೈ ನಡುಗಿ ಅರ್ಧ ಅಂಗಿಯ ಮೇಲೆ ಚೆಲ್ಲಿತು. ದೊಡ್ಡಮಾವ ನೋಡುತ್ತಲೇ ನಿಂತಿದ್ದ. ಆಮೇಲೆ ಬಂದು ಲೋಟದ ತಳಕ್ಕೆ ಕೈ ಕೊಟ್ಟ.

"ಅವ್ನ ಕೈಯೂ ಇಂಗೇ ಆಡ್ತಿತ್ತು ಕಣ್ಲಾ," ಎಂದ. "ನಾನು ಹೊಡೀತಿದ್ದೆ."

ನಮ್ಮನ್ನು ಕುಡುಕರೆಂದವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಆದರೂ ಅವನು ಹಿಡಿದುಕೊಂಡಿದ್ದ ಲೋಟದಿಂದಲೇ ಉಳಿದ ಕಾಫಿ ಕುಡಿದೆ.